ಐದು ಸಾವಿರದೊಳಗೆ ಒಳ್ಳೆಯ ಮಡಚುವ ಚಾಕು: ಬಳಸಿದವರ ಅನುಭವ

ಪ್ರಶ್ನೆ: ತೋಟದ ಸಣ್ಣಪುಟ್ಟ ಕೆಲಸಕ್ಕೂ ಪ್ರಯಾಣದಲ್ಲಿ ಹಣ್ಣು ಹೆಚ್ಚುವುದಕ್ಕೂ ಒದಗುವಂಥ, ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಚಾಕು ಬೇಕಾಗಿದೆ. ಐದು ಸಾವಿರ ರೂಪಾಯಿ ಮೀರಬಾರದು. ಉಕ್ಕಿನ ಹೆಸರುಗಳನ್ನು ಓದಿ ಓದಿ ಗೊಂದಲವಾಗಿದೆ. ಬಳಸಿದವರು ದಯವಿಟ್ಟು ತಿಳಿಸಿ.

ಮಲೆನಾಡಿನ ಅಡಿಕೆ ಬೆಳೆಗಾರ: ಉಕ್ಕಿನ ಹೆಸರು ನೋಡುವ ಮೊದಲು ನಿಮ್ಮ ಊರಿನ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಗಡಸುತನದ ಅಂಕಿಯನ್ನೇ ನಂಬಿ ನಾನು ಮೊದಲು ಕೊಂಡದ್ದು ಡಿ2 ಉಕ್ಕಿನ ಚಾಕು. ಅದರಲ್ಲಿ ಶೇ. 1.5ರಷ್ಟು ಇಂಗಾಲವೂ ಶೇ. 12ರಷ್ಟು ಕ್ರೋಮಿಯಂ ಕೂಡ ಇರುತ್ತವೆ. ಆ ಕ್ರೋಮಿಯಂನ ಒಳ್ಳೆಯ ಪಾಲು ಇಂಗಾಲದೊಡನೆ ಬೆರೆತು ಕಾರ್ಬೈಡ್ ಎಂಬ ಗಡಸು ಕಣಗಳಾಗುವುದರಿಂದ ಹರಿತ ಬಹಳ ದಿನ ನಿಲ್ಲುತ್ತದೆ, ಆದರೆ ತುಕ್ಕು ತಡೆಯಲು ಬೇಕಾದಷ್ಟು ಕ್ರೋಮಿಯಂ ಉಳಿಯುವುದಿಲ್ಲ. ಆಷಾಢದಲ್ಲಿ ಒಂದು ವಾರ ಒದ್ದೆ ಅಂಗಿಯ ಜೇಬಿನಲ್ಲಿ ಮರೆತದ್ದಕ್ಕೆ ಅಲುಗಿನ ತುಂಬ ಚುಕ್ಕೆ ಬಿದ್ದವು. ಮೊಂಡಾದ ಮೇಲಂತೂ ಮನೆಯ ಸಾಣೆಕಲ್ಲಿಗೆ ಅದು ಬಗ್ಗಲೇ ಇಲ್ಲ.

ಅನಂತರ ಕೊಂಡ ವಿಕ್ಟೋರಿನಾಕ್ಸ್ ಇಂದಿಗೂ ಜೇಬಿನಲ್ಲಿದೆ. ಸ್ವಿಟ್ಜರ್ಲೆಂಡಿನ ಈ ಚಾಕುವಿನ ಗಡಸುತನ ರಾಕ್‌ವೆಲ್ ಮಾಪನದಲ್ಲಿ ಸುಮಾರು 56 ಮಾತ್ರ. ಅಂಕಿ ನೋಡುವವರಿಗೆ ಇದು ಸಪ್ಪೆ. ಬೇಗ ಮೊಂಡಾಗುವುದು ನಿಜ, ಆದರೆ ಐದು ನಿಮಿಷ ಮಸೆದರೆ ಮತ್ತೆ ಹರಿತ. ಮಳೆಗಾಲದಲ್ಲೂ ತುಕ್ಕು ಕಂಡಿಲ್ಲ. ಒಂದು ಮಿತಿಯೆಂದರೆ, ಮಡಚಿದಾಗ 91 ಮಿಲಿಮೀಟರ್ ಉದ್ದವಿರುವ ಮಾದರಿಗಳಲ್ಲಿ ಅಲುಗಿಗೆ ಬೀಗವಿರುವುದಿಲ್ಲ, ಹಿಂದಿನ ಸ್ಪ್ರಿಂಗೇ ಹಿಡಿದಿಡುತ್ತದೆ. ಆದ್ದರಿಂದ ಮೊನೆಯಿಂದ ಚುಚ್ಚುವ ಕೆಲಸ ಮಾಡಬೇಡಿ.

ಕೆಲಕಾಲ ಫ್ರಾನ್ಸಿನಲ್ಲಿದ್ದವರು: ಬೀಗ ಬೇಕೆನ್ನುವವರು ಒಪಿನೆಲ್ ನಂಬರ್ 8 ನೋಡಬಹುದು. ಸವಾಯ್ ಪ್ರಾಂತ್ಯದ ಈ ಚಾಕುವಿನ ಅಲುಗು 8.5 ಸೆಂಟಿಮೀಟರ್, ಹಿಡಿ ಬೀಚ್ ಮರದ್ದು. 1955ರಲ್ಲಿ ಸೇರಿಸಿದ ಉಕ್ಕಿನ ಉಂಗುರವನ್ನು ತಿರುಗಿಸಿದರೆ ಅಲುಗು ಭದ್ರವಾಗುತ್ತದೆ. ಅಲುಗು ತೆಳುವಾಗಿರುವುದರಿಂದ ಮಾವಿನಹಣ್ಣನ್ನು ಇದು ಕೊಯ್ಯುವಂತೆ ದಪ್ಪ ಅಲುಗಿನ ದುಬಾರಿ ಚಾಕುಗಳೂ ಕೊಯ್ಯಲಾರವು. ಆದರೆ ಒದ್ದೆಯಾದರೆ ಮರ ಉಬ್ಬಿ ಅಲುಗು ಹೊರಬರಲು ಹಟ ಮಾಡುತ್ತದೆ; ಆಗ ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ತಟ್ಟಿದರೆ ಅದು ತುಸು ಹೊರಗೆ ಜಾರುತ್ತದೆ. ಕಾರ್ಬನ್ ಉಕ್ಕಿನದೂ ಸ್ಟೇನ್‌ಲೆಸ್ ಉಕ್ಕಿನದೂ ಸಿಗುತ್ತವೆ. ನಿಂಬೆಹಣ್ಣು ಹೆಚ್ಚುವ, ಅಡಿಕೆಯ ಚೊಗರು ತಾಗುವ ಕೈಗೆ ಸ್ಟೇನ್‌ಲೆಸ್ಸೇ ಸರಿ. ಕಾರ್ಬನ್ ಅಲುಗು ಕಪ್ಪಾಗುತ್ತದೆ, ಆ ಕಪ್ಪು ನನಗೆ ಇಷ್ಟ ಎನ್ನುವುದು ಬೇರೆ ಮಾತು.

ಬೆಂಗಳೂರಿನ ಚಾರಣಿಗ: ಅಗ್ಗದ ಲೈನರ್ ಲಾಕ್ ಬಗ್ಗೆ ಒಂದು ಎಚ್ಚರಿಕೆ. ಹಿಡಿಯ ಒಳಗಿನ ತಗಡು ಅಲುಗಿನ ಬುಡಕ್ಕೆ ಒತ್ತಿ ನಿಲ್ಲುವ ಬೀಗ ಅದು. ನಾನು ಕೊಂಡಿದ್ದರಲ್ಲಿ ತಗಡು ಅಂಚಿಗಷ್ಟೇ ತಾಗುತ್ತಿತ್ತು. ಹಗ್ಗ ಕೊಯ್ಯುವಾಗ ಜಾರಿ ತೋರುಬೆರಳಿಗೆ ನಾಲ್ಕು ಹೊಲಿಗೆ ಬಿದ್ದವು. ಅಂಗಡಿಯಲ್ಲೇ ಅಲುಗನ್ನು ತೆರೆದು, ಬೆರಳುಗಳನ್ನು ಅದರ ದಾರಿಯಿಂದ ದೂರವಿಟ್ಟು, ಅಲುಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲಗೆ ಒತ್ತಿ ನೋಡಿ. ತಗಡು ಸರಿದರೆ ಕೊಳ್ಳಬೇಡಿ. ಅಂದಹಾಗೆ, ವಿಮಾನದಲ್ಲಿ ಕೈಚೀಲಕ್ಕೆ ಹಾಕದೆ ಚೆಕ್-ಇನ್ ಸಾಮಾನಿನೊಳಗೆ ಇಡಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಲಸಿನ ಮೇಣ ಕೀಲಿನೊಳಗೆ ಹೋದರೆ ಏನು ಮಾಡುವಿರಿ?

ಅಡಿಕೆ ಬೆಳೆಗಾರ: ಹೋಗದಂತೆ ಮೊದಲೇ ಅಲುಗಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇನೆ. ಹೋಗಿಬಿಟ್ಟರೂ ಅದೇ ಎಣ್ಣೆಯ ಎರಡು ಹನಿ ಬಿಟ್ಟು, ಹತ್ತಾರು ಬಾರಿ ತೆರೆದು ಮುಚ್ಚಿ, ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತೇನೆ.