ಯಗಚಿ ಹಳೇ ಕಾಲುವೆ ರಸ್ತೆ ದಾಟುವ ಜಾಗಕ್ಕೆ ಗುರುತಿನ ಕಲ್ಲು: ಎಲ್ಲಿ ನೆಡೋದು, ಏನು ಬರೆಸೋದು?

ಪ್ರಶ್ನೆ: ಬೇಲೂರು ಸೀಮೆ

ರಣಘಟ್ಟದ ಒಡ್ಡಿನಿಂದ ದೋರಸಮುದ್ರಕ್ಕೆ (ಈಗಿನ ಹಳೇಬೀಡು) ಯಗಚಿ ಹೊಳೆ ನೀರು ತರುತ್ತಿದ್ದ ಹೊಯ್ಸಳರ ಕಾಲದ ಕಾಲುವೆಯದು ಅಂತ ಹಿರಿಯರು ಹೇಳುವ ಒಂದು ತುಂಡು ನಮ್ಮೂರ ರಸ್ತೆಗೆ ಅಡ್ಡ ಬರುತ್ತೆ. ಉಳಿದಿರೋದು ತಗ್ಗು, ಒಂದು ಪಕ್ಕ ಮಣ್ಣಿನ ದಿಂಡು ಅಷ್ಟೆ. ಹುಡುಗರು ಅದನ್ನ ಚರಂಡಿ ಅಂದುಕೊಂಡಿದ್ದಾರೆ. ಊರವರು ಸೇರಿ ಕಲ್ಲು ನಿಲ್ಲಿಸಬೇಕು ಅಂತಿದ್ದೀವಿ. ಕಾಲುವೆಯೇ ಹೌದು ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ? ಅನುಮತಿ ಯಾರ ಹತ್ತಿರ? ಯಾವ ಕಲ್ಲು, ಎಷ್ಟು ಆಳ?

ಉತ್ತರ: ಸರ್ವೆ ಹಳಬ

ಮೊದಲು ನೆಲ ನೋಡಿ. ಹಳ್ಳ ಯಾವತ್ತೂ ತಗ್ಗಿನ ತಳದಲ್ಲಿ ಹರಿಯುತ್ತೆ. ಕಾಲುವೆ ಇಳಿಜಾರಿನ ಮೈಗೆ ಅಡ್ಡಲಾಗಿ, ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಬಳಸಿಕೊಂಡು ಹೋಗುತ್ತೆ, ಅದರ ಮಣ್ಣಿನ ಏರಿ ಇಳಿಜಾರಿನ ಕೆಳಗಡೆಗೆ ಮಾತ್ರ ಇರುತ್ತೆ. ನಿಮ್ಮ ದಿಂಡು ಆ ಕಡೆಗೇ ಇದ್ದರೆ ಒಳ್ಳೆ ಲಕ್ಷಣ. ಆದರೆ ಹೊಲದ ಬದುವೂ ಹಾಗೇ ಕಾಣುತ್ತೆ, ಅದಕ್ಕೇ ಕಾಗದ ಬೇಕು. ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತೆ. ಆ ನಂಬರಿಗೆ ಭೂದಾಖಲೆ ಕಚೇರಿಯಲ್ಲಿ ಹಳೇ ಗ್ರಾಮ ನಕ್ಷೆ, ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ನಕಲು ತೆಗೆಸಿ. ತಗ್ಗು ‘ಬಿ ಖರಾಬು’ (ಸಾಗುವಳಿಗಲ್ಲದ, ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಅಂತ ಇದ್ದರೆ ಅದು ಸಾರ್ವಜನಿಕ ಜಾಗ. ಪಟ್ಟಾ ಜಮೀನಿನೊಳಗೆ ಸೇರಿಹೋಗಿದ್ದರೆ ಕಲ್ಲನ್ನು ರಸ್ತೆ ಜಾಗದಲ್ಲೇ ನಿಲ್ಲಿಸಿ.

ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ ಆದರೆ ಲೋಕೋಪಯೋಗಿ ಇಲಾಖೆಗೆ ಅರ್ಜಿ. ಹಳ್ಳಿ ರಸ್ತೆಗೆ ಗ್ರಾಮ ಪಂಚಾಯಿತಿ ನಿರ್ಣಯ ಮಾಡಿಸಿಕೊಳ್ಳಿ. ಹಳೇಬೀಡಿನ ಸಂರಕ್ಷಿತ ಸ್ಮಾರಕಗಳ ಹತ್ತಿರವಾದರೆ ಮಾತೇ ಬೇರೆ: 100 ಮೀಟರಿನೊಳಗೆ ಹೊಸ ಕಟ್ಟೋಣ ನಿಷಿದ್ಧ, ಅದರಾಚೆ 200 ಮೀಟರಿಗೆ ಮುಂಗಡ ಅನುಮತಿ ಬೇಕು.

ಉತ್ತರ: ಕಲ್ಲುಕೆಲಸ

ಬಳಪದ ಕಲ್ಲು ಬೇಡ. ಕೆತ್ತೋಕೆ ಸುಲಭ, ಆದರೆ ಮೆತ್ತಗೆ. ರಸ್ತೆ ಪಕ್ಕ ಮೊಳೆ ಹಿಡಿದು ಗೀಚಿಬಿಡ್ತಾರೆ. ಬೂದು ಗ್ರಾನೈಟ್ ಚಪ್ಪಡಿ ತಗೊಳ್ಳಿ: 6 ಅಡಿ ಎತ್ತರ, 2 ಅಡಿ ಅಗಲ, 6 ಇಂಚು ದಪ್ಪ. ತೂಕ ಸುಮಾರು 460 ಕೆಜಿ, ಜೆಸಿಬಿಗೆ ಬೆಲ್ಟ್ ಕಟ್ಟಿಯೇ ಎತ್ತಬೇಕು. ಪಾಲಿಶ್ ಮಾಡಿಸಬೇಡಿ, ಹೆಡ್‌ಲೈಟ್ ಬಿದ್ದರೆ ಹೊಳೆದು ಅಕ್ಷರ ಕಾಣಲ್ಲ. ತಲೆಭಾಗ ಹಿಂದಕ್ಕೆ ಇಳಿಜಾರಾಗಿರಲಿ, ಮಳೆನೀರು ಬರಹದ ಮೇಲೆ ಇಳಿದರೆ ಪಾಚಿ ಕಟ್ಟುತ್ತೆ.

ಗುಂಡಿ 3 ಅಡಿ ಉದ್ದ, 2 ಅಡಿ ಅಗಲ, ಎರಡೂವರೆ ಅಡಿ ಆಳ. ತಳಕ್ಕೆ 6 ಇಂಚು ಜಲ್ಲಿ ಹಾಕಿ ದಿಮ್ಮಸು ಮಾಡಿ, ಮೇಲೆ ಚಪ್ಪಡಿ 2 ಅಡಿ ಒಳಗೆ ಕೂರಲಿ. ಸುತ್ತ 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟಿಗೆ ಸಿಮೆಂಟ್ 2 ಮೂಟೆ ಸಾಕು. ತೂಕದಗುಂಡು ಬಿಟ್ಟು ನೆಟ್ಟಗಿದೆಯಾ ನೋಡಿ, ನಾಲ್ಕೂ ಕಡೆ ಆನಿಕೆ ಕೊಟ್ಟು ಒಂದು ವಾರ ನೀರು ಹಾಕಿ. ಆಮೇಲೆ ಆನಿಕೆ ತೆಗೀರಿ.

ಜಾಗ ಮಾತ್ರ ಯೋಚಿಸಿ ಆರಿಸಿ. ಚರಂಡಿ ಅಂಚಿನಲ್ಲಿ ನೆಟ್ಟ ಕಲ್ಲನ್ನು ಹೂಳೆತ್ತುವ ಜೆಸಿಬಿ ಬಕೆಟ್ ಬೀಳಿಸುತ್ತೆ. ಚರಂಡಿಯಿಂದ ಆಚೆ, ತಿರುವಿನಲ್ಲಿ ಎದುರು ಬರೋ ಗಾಡಿ ಮರೆಯಾಗದ ಕಡೆ ಇರಲಿ. ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತೆ, ಪಕ್ಕಕ್ಕೆ ಮಣ್ಣು ತುಂಬುತ್ತಾರೆ. ಅದಕ್ಕೆ ನೆಲದಿಂದ 1 ಅಡಿವರೆಗೆ ಏನೂ ಬರೆಸಬೇಡಿ.

ಉತ್ತರ: ಶಾಸನ ಓದುಗ

ಅಕ್ಷರ 2 ಇಂಚು ಇದ್ದರೇ ಬೈಕಿನಿಂದ ಓದಬಹುದು. ಹಾಗಾದರೆ ಸಾಲಿಗೆ 9–10 ಅಕ್ಷರಕ್ಕಿಂತ ಹೆಚ್ಚು ಹಿಡಿಯಲ್ಲ, ಒತ್ತಕ್ಷರಕ್ಕೆ ಜಾಗ ಬೇಕಾದ್ದರಿಂದ ಸಾಲಿನಿಂದ ಸಾಲಿಗೆ 4 ಇಂಚು ಬಿಡಿ. ಇಷ್ಟು ಸಾಕು:

ಯಗಚಿ ಕಾಲುವೆ
ಹೊಯ್ಸಳರ ಕಾಲ
ರಣಘಟ್ಟದಿಂದ
ದೋರಸಮುದ್ರಕ್ಕೆ
ಇಲ್ಲಿ ಹಾದುಹೋಗಿತ್ತು

ಕೆಳಗೆ ನೀರು ಹರಿದ ದಿಕ್ಕಿಗೆ ಒಂದು ಬಾಣ. ನನ್ನ ಮಟ್ಟಿಗೆ ಆ ಬಾಣವೇ ಮುಖ್ಯ. ಓದಿದವನು ತಲೆ ತಿರುಗಿಸಿ ಏರಿ ನೋಡಬೇಕು.

ರಾಜನ ಹೆಸರು, ಇಸವಿ ಹಾಕುವುದಾದರೆ ಶಾಸನದ ಆಧಾರ ಇರಲಿ, ಬಾಯಿಮಾತು ಬೇಡ. ಹಾಸನ ಜಿಲ್ಲೆಯ ಶಾಸನಗಳು ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟದಲ್ಲಿವೆ (1902). ಪರಿಷ್ಕೃತ ಮುದ್ರಣದಲ್ಲಿ ಸಂಖ್ಯೆ ಬೇರೆ, ಆದ್ದರಿಂದ ಯಾವ ಮುದ್ರಣದ್ದು ಅಂತ ಬರೆದಿಟ್ಟುಕೊಳ್ಳಿ. ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ: ಬೇಲೂರು ಚೆನ್ನಕೇಶವನ ಪ್ರತಿಷ್ಠೆ ಶಕ 1039, ಅಂದರೆ 1117. ಸಂವತ್ಸರದ ಹೆಸರೂ ಹೊಂದುತ್ತದಾ ನೋಡಿ.

ಉತ್ತರ: ಕಲ್ಲುಕೆಲಸ

ಒಂದು ಮಾತು ಬಿಟ್ಟುಹೋಯ್ತು. ಕೆತ್ತನೆ ಮೆಷಿನ್‌ನಲ್ಲಾದರೆ ‘ನುಡಿ’ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲನ್ನೇ ಕೊಡಬೇಡಿ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ‘ದೋರಸಮುದ್ರಕ್ಕೆ’ ಅನ್ನೋದರ ಎರಡು ಒತ್ತೂ ಚೆಲ್ಲಾಪಿಲ್ಲಿ ಆಗುತ್ತೆ. ಅಕ್ಷರಗಳನ್ನ ಗೆರೆಚಿತ್ರವಾಗಿ ಬದಲಿಸಿ ಕೊಡಿ, ಪೂರ್ತಿ ಅಳತೆಯ ಪ್ರಿಂಟ್ ತೆಗೆಸಿ ಚಪ್ಪಡಿ ಮೇಲೆ ಹಾಸಿ, ಕನ್ನಡ ಚೆನ್ನಾಗಿ ಬಲ್ಲ ಇಬ್ಬರ ಕೈಲಿ ಓದಿಸಿ ಆಮೇಲೆ ಕೆತ್ತೋಕೆ ಹೇಳಿ. ಆಳ 4–5 ಮಿಲಿಮೀಟರ್. ಪಾಚಿ ಬಂದರೆ ನೀರು, ನೈಲಾನ್ ಬ್ರಷ್ ಸಾಕು, ಆ್ಯಸಿಡ್ ಮುಟ್ಟಿಸಬೇಡಿ.