ಸುತ್ತೋಲೆಯಿಂದ ಬಂದ ತಂತ್ರಾಂಶ ಬಳಕೆಯಲ್ಲಿ ಉಳಿಯುತ್ತದೆಯೇ?

ಪ್ರಶ್ನೆ

ನಮ್ಮ ಸಂಸ್ಥೆಯಲ್ಲಿ ದಾಸ್ತಾನು ಮತ್ತು ಖರೀದಿಯ ಕೆಲಸಕ್ಕೆ ಹೊಸ ತಂತ್ರಾಂಶ ಬಂದಿದೆ. ಒಂದು ವಿಭಾಗದ ಮುಖ್ಯಸ್ಥರು ದಿನಾಂಕ ನಿಗದಿಪಡಿಸಿ ಸುತ್ತೋಲೆ ಹೊರಡಿಸಿದರು. ಇನ್ನೊಂದು ವಿಭಾಗದ ಮುಖ್ಯಸ್ಥರು ಸಿಬ್ಬಂದಿಯೊಂದಿಗೆ ಚರ್ಚಿಸುತ್ತಾ ನಿಧಾನವಾಗಿ ಮುಂದುವರಿದರು. ಮೊದಲ ವಿಭಾಗದಲ್ಲಿ ಎಲ್ಲರೂ ಲಾಗಿನ್ ಆಗುತ್ತಾರೆ, ಆದರೆ ನಂಬುವ ಲೆಕ್ಕ ಇಂದಿಗೂ ಎಕ್ಸೆಲ್‌ನಲ್ಲಿಯೇ ಇದೆ. ಇದಕ್ಕೆ ಆಡಳಿತ ಶೈಲಿಯನ್ನು ಹೊಣೆ ಮಾಡಬಹುದೇ?

ಉತ್ತರ 1

ಬಹುಮಟ್ಟಿಗೆ ಮಾಡಬಹುದು. ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ವಿವರಿಸಿದ ತಂತ್ರಜ್ಞಾನ ಸ್ವೀಕಾರ ಮಾದರಿಯಲ್ಲಿ ಎರಡು ಅಂಶಗಳು ಮುಖ್ಯ: ಸಾಧನವು ತನ್ನ ಕೆಲಸಕ್ಕೆ ಉಪಯುಕ್ತವೆಂದೂ ಬಳಸಲು ಸುಲಭವೆಂದೂ ಬಳಕೆದಾರನಿಗೆ ಅನ್ನಿಸಬೇಕು. ಇನ್ನೊಬ್ಬ ಸಂಶೋಧಕ ವಿಶ್ವನಾಥ್ ವೆಂಕಟೇಶ್ ಅವರೊಂದಿಗೆ ಡೇವಿಸ್ 2000ದಲ್ಲಿ ಇದನ್ನು ವಿಸ್ತರಿಸಿದಾಗ, ಬಳಕೆ ಕಡ್ಡಾಯವಾಗಿರುವಲ್ಲಿ ಮೇಲಿನವರ ನಿರೀಕ್ಷೆ ಆರಂಭದಲ್ಲಿ ಪ್ರಭಾವ ಬೀರಿದರೂ ಅನುಭವ ಬೆಳೆದಂತೆ ಆ ಪ್ರಭಾವ ಕುಗ್ಗುತ್ತದೆ ಎಂಬುದು ಕಂಡುಬಂದಿತು. ನಿಮ್ಮ ಮೊದಲ ವಿಭಾಗದಲ್ಲಿ ಆಗಿರುವುದು ಬಹುಶಃ ಇದೇ. ಲಾಗಿನ್ ಸಂಖ್ಯೆಯನ್ನು ಅಳತೆಗೋಲಾಗಿ ಹಿಡಿಯಬೇಡಿ. ಎಕ್ಸೆಲ್ ಹಾಳೆ ಯಾವ ಕೊರತೆಯನ್ನು ತುಂಬುತ್ತಿದೆ ಎಂದು ಕೇಳಿ.

ಉತ್ತರ 2

ಸಂಶೋಧಕರಾದ ಕೋಚ್ ಮತ್ತು ಫ್ರೆಂಚ್ 1948ರಲ್ಲಿ ಪ್ರಕಟಿಸಿದ, ಅಮೆರಿಕದ ಪೈಜಾಮ ಕಾರ್ಖಾನೆಯೊಂದರ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಕೆಲಸದ ವಿಧಾನ ಬದಲಾದಾಗ, ಬದಲಾವಣೆಯನ್ನು ರೂಪಿಸುವುದರಲ್ಲಿ ಪಾಲ್ಗೊಂಡ ಗುಂಪುಗಳು ಬೇಗ ಹಳೆಯ ಉತ್ಪಾದನಾ ಮಟ್ಟಕ್ಕೆ ಮರಳಿದವು. ಕೇವಲ ವಿವರಣೆ ಪಡೆದ ಗುಂಪಿನಲ್ಲಿ ಉತ್ಪಾದನೆ ಕುಸಿದೇ ಉಳಿಯಿತು, ಕೆಲವರು ಕೆಲಸವನ್ನೇ ಬಿಟ್ಟರು. ಆದರೆ ಎಲ್ಲವೂ ತೀರ್ಮಾನವಾದ ಮೇಲೆ ಸಭೆ ಕರೆದು ಅಭಿಪ್ರಾಯ ಕೇಳುವುದನ್ನು ಪಾಲ್ಗೊಳ್ಳುವಿಕೆ ಎನ್ನಲಾಗದು (ಇಂತಹ ಸಭೆಗಳೇ ಹೆಚ್ಚು), ಮತ್ತು ಸಿಬ್ಬಂದಿಗೆ ಆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಉತ್ತರ 3

ನನಗೆ ಪೂರ್ಣ ಸಮ್ಮತಿಯಿಲ್ಲ. ವಸ್ತುಗಳ ಸಂಕೇತ ಸಂಖ್ಯೆ, ಅನುಮೋದನೆಯ ಮಿತಿ, ಹಳೆಯ ವ್ಯವಸ್ಥೆ ಮುಚ್ಚುವ ದಿನ ಇವುಗಳನ್ನು ಚರ್ಚೆಗೆ ಬಿಟ್ಟರೆ ಪ್ರತಿ ವಿಭಾಗವೂ ತನ್ನದೇ ಪದ್ಧತಿ ಹಿಡಿಯುತ್ತದೆ. ಅಲ್ಲಿ ಆದೇಶವೇ ಸರಿ. ಪರದೆಯ ವಿನ್ಯಾಸ, ನಮೂದಿನ ಕ್ರಮ, ತರಬೇತಿಯ ಸಮಯ ಮಾತ್ರ ಆ ಕೆಲಸ ಮಾಡುವವರಿಗೆ ಸೇರಿದ್ದು. ಅಂದ ಹಾಗೆ, ಮೊದಲ ವಿಭಾಗದ ಮುಖ್ಯಸ್ಥರು ಮಾಸಿಕ ಪರಿಶೀಲನೆಗೆ ಯಾವ ವರದಿಯನ್ನು ತರಿಸಿಕೊಳ್ಳುತ್ತಾರೆ?

ಪ್ರಶ್ನೆ ಕೇಳಿದವರು

ಎಕ್ಸೆಲ್ ಹಾಳೆಯನ್ನೇ! ತಂತ್ರಾಂಶದ ವರದಿಯಲ್ಲಿ ದಾರಿಯಲ್ಲಿರುವ ಸರಕು ಕಾಣುವುದಿಲ್ಲವೆಂದು ಕಾರಣ ಕೊಡುತ್ತಾರೆ. ಆ ಒಂದು ಕಾಲಂ ಅನ್ನು ಸೇರಿಸಿಕೊಡುವಂತೆ ತಾಂತ್ರಿಕ ತಂಡವನ್ನು ಕೋರಿ, ಮುಂದಿನ ಪರಿಶೀಲನೆಯನ್ನು ತಂತ್ರಾಂಶದ ವರದಿಯಿಂದಲೇ ನಡೆಸಬೇಕೆಂದು ಅವರಿಗೆ ಸೂಚಿಸುತ್ತೇನೆ.