ಚೀನೀ ವೈದ್ಯರ ‘ಜೆಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಯಾಕೆ ಬೇಕು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಘಂಟು ನೋಡಿ ಅಂತ ಯಾರಾದರೂ ಹೇಳಬಹುದು. ನಿಘಂಟು ನೋಡಿಯೇ ಇಲ್ಲಿಗೆ ಬಂದಿದ್ದೇನೆ.

ನನ್ನ ತಂಗಿ ಸಿಂಗಪುರದಲ್ಲಿದ್ದಾಳೆ. ಮೂರು ವರ್ಷದಿಂದ ಅವಳಿಗೆ ಹೊಟ್ಟೆಯದೇ ತೊಂದರೆ. ಉಂಡ ಕೂಡಲೇ ಹೊಟ್ಟೆ ಉಬ್ಬರ. ಬೆಳಿಗ್ಗೆ ಎರಡು ಮೂರು ಸಲ ಭೇದಿ. ದಿನವಿಡೀ ಸುಸ್ತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲ ಆಯಿತು. ಎಲ್ಲವೂ ನಾರ್ಮಲ್. ಕೊನೆಗೆ ಒಬ್ಬ ಚೀನೀ ವೈದ್ಯರ ಹತ್ತಿರ ಹೋದಳು. ಅವರು ನಾಲಿಗೆ ನೋಡಿದರು, ಎರಡೂ ಕೈಯ ನಾಡಿ ಹಿಡಿದರು, ತುಂಬಾ ಹೊತ್ತು ವಿಚಾರಿಸಿದರು. ಆಮೇಲೆ ಚೀಟಿಯಲ್ಲಿ ಮೂರು ಅಕ್ಷರ ಬರೆದುಕೊಟ್ಟರು: ಪೀ, ಚೀ, ಶ್ಯೂ. ಅದರ ಕೆಳಗೆ ಇಂಗ್ಲಿಷಿನಲ್ಲಿ ಸ್ಪ್ಲೀನ್ ಚೀ ಡಿಫಿಶಿಯೆನ್ಸಿ ಅಂತ ಇತ್ತು (ಚೀ ಅಂದರೆ ಮೈಯ ಶಕ್ತಿ, ಶ್ಯೂ ಅಂದರೆ ಕೊರತೆ).

ಅವಳು ಅದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದಳು. ಅಮ್ಮ ಇರುವುದು ಶಿವಮೊಗ್ಗದಲ್ಲಿ. ಸ್ಪ್ಲೀನ್ ಅಂದರೇನು ಅಂತ ನನ್ನನ್ನು ಕೇಳಿದರು. ‘ಗುಲ್ಮ’ ಅಂದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಕಲಿತ ಮಾತು ಅದು. ‘ಅಯ್ಯೋ, ಗುಲ್ಮಕ್ಕೇನಾಯ್ತು, ಆಪರೇಷನ್ ಮಾಡ್ತಾರಾ?’ ಅಂದರು. ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲ. ತಂಗಿಯ ಗುಲ್ಮಕ್ಕೆ ಏನೂ ಆಗಿರಲಿಲ್ಲ. ಸ್ಕ್ಯಾನಿನಲ್ಲಿ ಅದು ಸರಿಯಾಗಿಯೇ ಇತ್ತು.

ತಪ್ಪಾದದ್ದು ಅನುವಾದದಲ್ಲಿ. ಚೀನೀ ವೈದ್ಯರ ‘ಪೀ’ ಎಂದರೆ ಸ್ಕ್ಯಾನಿನಲ್ಲಿ ಕಾಣುವ ಅಂಗವೊಂದೇ ಅಲ್ಲ. ಉಂಡದ್ದನ್ನು ಅರಗಿಸಿ, ಅದರ ಸಾರವನ್ನು ಮೈಗೆಲ್ಲ ಸಾಗಿಸುವ ಕೆಲಸಕ್ಕೇ ಅವರು ಆ ಹೆಸರಿಟ್ಟಿದ್ದಾರೆ. ಅದು ಸೋತರೆ ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ, ಆಯಾಸವಾಗುತ್ತದೆ. ನಾಲಿಗೆ ಬಿಳಿಚಿಕೊಂಡು, ಊದಿ, ಅಂಚಿನಲ್ಲಿ ಹಲ್ಲಿನ ಗುರುತು ಮೂಡುತ್ತದೆ. ಗುಲ್ಮ ಎಂಬ ಮಾತಿನಲ್ಲಿ ಇನ್ನೊಂದು ತೊಡಕೂ ಇದೆ. ಆಯುರ್ವೇದದಲ್ಲಿ ಗುಲ್ಮ ಎಂದರೆ ಅಂಗವೇ ಅಲ್ಲ, ಹೊಟ್ಟೆಯಲ್ಲಿ ಗಡ್ಡೆಯಂತೆ ಕೈಗೆ ಸಿಗುವ ಒಂದು ರೋಗ. ಅಲ್ಲಿ ಈ ಅಂಗಕ್ಕೆ ಪ್ಲೀಹ ಅನ್ನುತ್ತಾರೆ. ಹಾಗಾಗಿ ‘ಗುಲ್ಮದ ಕೊರತೆ’ ಅಂದರೆ ಡಾಕ್ಟರಿಗೂ ತಪ್ಪು, ಆಯುರ್ವೇದ ಪಂಡಿತರಿಗೂ ತಪ್ಪು.

(ಚೀನೀಯರ ದಿನದ ಮಾತಿನಲ್ಲಿ ‘ಪೀಚೀ’ ಎಂದರೆ ಸಿಟ್ಟು, ಸ್ವಭಾವ. ನಾವು ‘ಪಿತ್ತ ನೆತ್ತಿಗೇರಿತು’ ಅನ್ನುತ್ತೇವಲ್ವಾ, ಹಾಗೆಯೇ. ಸಿಟ್ಟನ್ನು ಹೊಟ್ಟೆಯೊಳಗೆ ಇಟ್ಟವರು ನಾವೊಬ್ಬರೇ ಅಲ್ಲ ಅಂತ ತಿಳಿದು ಖುಷಿಯಾಯಿತು.)

ಈಗ ನನ್ನ ಮುಖ್ಯ ಪ್ರಶ್ನೆ. ‘ಪೀ ಚೀ ಶ್ಯೂ’ ಎಂಬುದು ರೋಗದ ಹೆಸರಲ್ಲ. ರೋಗಕ್ಕೆ ಅವರಲ್ಲಿ ‘ಬಿಂಗ್’ ಎಂಬ ಬೇರೆ ಮಾತಿದೆ. ಇದು ಒಂದು ಲಕ್ಷಣವೂ ಅಲ್ಲ. ಲಕ್ಷಣಗಳನ್ನೆಲ್ಲ ಒಟ್ಟಿಗೆ ನೋಡಿ, ಮೈಯ ಈಗಿನ ಸ್ಥಿತಿ ಹೀಗಿದೆ ಅಂತ ವೈದ್ಯರು ಹೇಳುವ ಇಂಥ ಹೆಸರಿಗೆ ಅವರು ‘ಜೆಂಗ್’ ಅನ್ನುತ್ತಾರೆ. ಆ ಅಕ್ಷರದ ಮೂಲ ಅರ್ಥ ಸಾಕ್ಷಿ, ಪುರಾವೆ. ಲಕ್ಷಣ ಎಂಬುದಕ್ಕೂ ಅವರಲ್ಲಿ ಇದೇ ಉಚ್ಚಾರದ, ಇದೇ ಸ್ವರದ ‘ಜೆಂಗ್’ ಇದೆ, ಬರೆಯುವ ಅಕ್ಷರ ಮಾತ್ರ ಬೇರೆ. ಹಳೆಯ ಪುಸ್ತಕಗಳಲ್ಲಿ ಎರಡನ್ನೂ ಬೆರೆಸಿ ಬರೆದದ್ದುಂಟು. 1950ರ ದಶಕದಲ್ಲಿ ಚೀನಾದಲ್ಲಿ ಈ ವೈದ್ಯಕ್ಕೆ ಕಾಲೇಜು, ಪಠ್ಯಪುಸ್ತಕ ಬಂದ ಮೇಲೆ ‘ಜೆಂಗ್ ಅನ್ನು ಬೇರ್ಪಡಿಸಿ ತಿಳಿ, ಆಮೇಲೆ ಚಿಕಿತ್ಸೆ ನಿರ್ಧರಿಸು’ ಎಂಬುದೇ ಅದರ ನಡುಗಂಬವಾಯಿತು.

ದೀರ್ಘಕಾಲದ ಕಾಯಿಲೆಗಳಲ್ಲಿ ಈ ಮಾತಿಗೆ ತೂಕ ಜಾಸ್ತಿ. ಒಂದೇ ತಲೆನೋವು ಇಬ್ಬರಿಗೆ ಇದ್ದರೂ ಜೆಂಗ್ ಬೇರೆಯಾದರೆ ಔಷಧಿ ಬೇರೆ. ಒಬ್ಬರಿಗೆ ಭೇದಿ, ಇನ್ನೊಬ್ಬರಿಗೆ ಸುಸ್ತು ಇದ್ದರೂ ಜೆಂಗ್ ಒಂದೇ ಆದರೆ ಔಷಧಿ ಒಂದೇ. ತಂಗಿಯ ಜೆಂಗಿಗೆ ಸಾಂಪ್ರದಾಯಿಕವಾಗಿ ಕೊಡುವುದು ‘ನಾಲ್ವರು ಸಜ್ಜನರ ಕಷಾಯ’. ಹೆಸರು ಎಷ್ಟು ಚೆನ್ನಾಗಿದೆ ನೋಡಿ. ಆ ನಾಲ್ವರು ಯಾರೆಂದರೆ ಜಿನ್ಸೆಂಗ್, ಬೈಜು ಎಂಬ ಗೆಡ್ಡೆ, ಪೈನ್ ಮರದ ಬೇರಿನಲ್ಲಿ ಬೆಳೆಯುವ ಫೂಲಿಂಗ್ ಎಂಬ ಅಣಬೆ, ಮತ್ತೆ ನಮ್ಮ ಜ್ಯೇಷ್ಠಮಧು. ನಾಲ್ಕೂ ಮೃದು, ಅದಕ್ಕೇ ಸಜ್ಜನರು. ಕೆಲವು ವಾರ ಕಳೆದು ಜೆಂಗ್ ಬದಲಾದರೆ ಚೀಟಿಯೂ ಬದಲಾಗುತ್ತದೆ, ಕಾಯಿಲೆಯ ಹೆಸರು ಅದೇ ಇದ್ದರೂ.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ನನಗೆ ಸಿಕ್ಕ ಮಾತುಗಳನ್ನು ಮುಂದಿಡುತ್ತೇನೆ.

‘ಲಕ್ಷಣಕೂಟ’ ಎಂಬುದು ಸಿಂಡ್ರೋಮ್‌ಗೆ ಆಗಲೇ ಬಳಕೆಯಲ್ಲಿದೆ. ಅದು ಲಕ್ಷಣಗಳ ರಾಶಿ. ಜೆಂಗ್ ಹಾಗಲ್ಲ, ಆ ರಾಶಿ ನೋಡಿ ವೈದ್ಯ ಕೊಟ್ಟ ತೀರ್ಪು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಮೊದಲ ಸಲ ಇಂಥ ಜೆಂಗ್‌ಗಳಿಗೂ ಒಂದು ಅಧ್ಯಾಯದಲ್ಲಿ ಜಾಗ ಕೊಟ್ಟಿತು. 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಅಲ್ಲಿ ಇಂಗ್ಲಿಷಿನಲ್ಲಿ ಪ್ಯಾಟರ್ನ್ ಎಂಬ ಮಾತನ್ನು ಹಿಡಿದರು. ಅದನ್ನು ‘ಮಾದರಿ’, ‘ವಿನ್ಯಾಸ’ ಅಂತ ಮಾಡಿದರೆ ಸೀರೆಯಂಗಡಿಯ ನೆನಪಾಗುತ್ತದೆ.

‘ದೋಷ’ ಬೇಡ. ದೋಷ ಅಂದಕೂಡಲೇ ವಾತ, ಪಿತ್ತ, ಕಫ ಒಳಗೆ ಬಂದುಬಿಡುತ್ತವೆ. ಅದೇ ಕಾರಣಕ್ಕೆ ‘ಚೀ’ಗೆ ‘ಪ್ರಾಣ’ ಅನ್ನುವುದೂ ನನಗೆ ಸರಿಬರುವುದಿಲ್ಲ. ಆ ಅಕ್ಷರದ ಹಳೆಯ ರೂಪದಲ್ಲಿ ಆವಿಯ ಕೆಳಗೆ ಅಕ್ಕಿ ಇದೆ. ಉಂಡ ಅನ್ನದಿಂದ ಬರುವ ಶಕ್ತಿ ಎಂಬ ಭಾವವೂ ಅದರಲ್ಲಿದೆ. ನನ್ನ ಮನಸ್ಸಿಗೆ ಬರುವುದು ‘ಕಸುವು’.

ಈಗ ‘ಹದ’ ಎಂಬ ಮಾತಿನ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ಮಣ್ಣಿನ ಹದ, ಹಿಟ್ಟಿನ ಹದ, ಪಾಕದ ಹದ ಅನ್ನುತ್ತೇವೆ. ‘ಆರೋಗ್ಯ ಹದಗೆಟ್ಟಿದೆ’ ಎಂಬುದಂತೂ ದಿನಪತ್ರಿಕೆಯಲ್ಲೇ ಬರುತ್ತದೆ. ಹದವನ್ನು ಅಳತೆ ಮಾಡಿ ಹೇಳುವುದಿಲ್ಲ. ಕಣ್ಣು, ಮೂಗು, ಕಿವಿ, ಬೆರಳಿನಿಂದ ತಿಳಿಯುತ್ತೇವೆ. ಅಮ್ಮ ಬೆಲ್ಲದ ಪಾಕವನ್ನು ಎರಡು ಬೆರಳ ನಡುವೆ ಎಳೆದು ‘ಒಂದೆಳೆ ಬಂತು’ ಅನ್ನುವ ಹಾಗೆ, ಆ ವೈದ್ಯರು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಹೇಳುತ್ತಾರೆ. ಪಾಕದ ಹದ ಗಳಿಗೆಗೆ ಬದಲಾಗುತ್ತದೆ, ಜೆಂಗ್ ಕೂಡ ಹಾಗೆಯೇ. ಒಂದೇ ಪಾಕ ನೋಡಿ ಇಬ್ಬರು ಬೇರೆ ಬೇರೆ ಹೇಳಬಹುದು. ಒಬ್ಬನೇ ರೋಗಿಯನ್ನು ಹಲವು ಚೀನೀ ವೈದ್ಯರಿಗೆ ತೋರಿಸಿ ನೋಡಿದ ಅಧ್ಯಯನಗಳಲ್ಲೂ ಎಷ್ಟೋ ಸಲ ಜೆಂಗ್ ಒಂದೇ ಬಂದಿಲ್ಲ. ಇದು ಆ ಪದ್ಧತಿಯ ದೊಡ್ಡ ಕಷ್ಟ. ನಾವು ಆರಿಸುವ ಪದ ಅದನ್ನು ಮುಚ್ಚಿಡಬಾರದು ಅಂತ ನನ್ನ ಆಸೆ.

ಆದರೆ ಹದ ಅಂದರೆ ಸರಿಯಾದ ಸ್ಥಿತಿ ಎಂಬ ಅರ್ಥವೇ ಮುಂದೆ ನಿಲ್ಲುತ್ತದೆ. ‘ಹದಗೇಡು’ ಅನ್ನಬಹುದಾ? ‘ಅರಗಿಸುವ ಕಸುವು ಕುಂದಿದ ಹದಗೇಡು’ ಅಂತ? ಇಲ್ಲಿ ಸಾಕ್ಷಿ ಎಂಬ ಅರ್ಥ ಬಿಟ್ಟುಹೋಗುತ್ತದೆ, ಅದೂ ಗೊತ್ತು. ಅದು ಉಳಿಯಬೇಕೆಂದರೆ ‘ಕುರುಹು’ ಇದೆ, ಆದರೆ ಕುರುಹು ಮತ್ತೆ ಒಂದು ಲಕ್ಷಣದ ಕಡೆಗೇ ಜಾರುತ್ತದೆ.

‘ಶ್ಯೂ’ ಮತ್ತು ಅದರ ಜೋಡಿ ‘ಶೀ’ ಕೂಡ ಸುಲಭವಲ್ಲ. ಶ್ಯೂ ಎಂದರೆ ಒಳಗೆ ಬರಿದಾದದ್ದು, ಶೀ ಎಂದರೆ ತುಂಬಿ ಬಿಗಿದದ್ದು. ಮೈಯ ಸತ್ವ ಸೋರಿದರೆ ಮೊದಲನೆಯದು, ಹೊರಗಿನ ಕೆಡುಕು ಒಳಗೆ ತುಂಬಿದರೆ ಎರಡನೆಯದು. ‘ಟೊಳ್ಳು’, ‘ಗಟ್ಟಿ’ ಅಂತ ಮೊದಲು ಬರೆದುಕೊಂಡೆ. ನಮ್ಮಲ್ಲಿ ‘ಅಜ್ಜ ಇನ್ನೂ ಗಟ್ಟಿಯಾಗಿದ್ದಾರೆ’ ಅಂದರೆ ಆರೋಗ್ಯ. ಅಲ್ಲಿ ಶೀ ಎಂದರೆ ಕಾಯಿಲೆ. ಕೈಬಿಟ್ಟೆ.

ಗಾಳಿ, ಶೀತ ಎಂಬ ಮಾತುಗಳಲ್ಲಿ ಹುಷಾರಾಗಿರಬೇಕು. ಗಾಳಿ, ಚಳಿ, ತೇವ ಮೂರೂ ಸೇರಿ ಮೈಯ ದಾರಿ ಕಟ್ಟಿದರೆ ಕೀಲುನೋವು ಬರುತ್ತದೆ ಅಂತ ಅವರ ಹಳೆಯ ಗ್ರಂಥ ಹೇಳುತ್ತದೆ. ‘ಗಾಳಿ ಹಿಡಿದಿದೆ’ ಅಂತ ಅನುವಾದಿಸಿದರೆ ನಮ್ಮ ಹಳ್ಳಿಯಲ್ಲಿ ತಾಯತ ಕಟ್ಟಿಸುತ್ತಾರೆ. ‘ಶೀತ ಆಗಿದೆ’ ಅಂದರೆ ನೆಗಡಿ. ಆದರೆ ಅವರು ಬಾಯಿಹುಣ್ಣಾದಾಗ ‘ಬೆಂಕಿ ಮೇಲೇರಿತು’ ಅನ್ನುವುದಕ್ಕೆ ನಮ್ಮ ‘ಉಷ್ಣ ಆಗಿದೆ’ ಎಷ್ಟು ಸೊಗಸಾಗಿ ಕೂರುತ್ತದೆ!

ಸಕ್ಕರೆ ಕಾಯಿಲೆಗೆ ಹತ್ತಿರವಾದದ್ದನ್ನು ಅವರು ‘ಶಿಯಾವ್‌ಕೆ’ ಅಂದರು. ಕರಗುವುದು, ಬಾಯಾರುವುದು ಎಂದು ಅದರ ಅರ್ಥ. ನಮ್ಮವರು ಮೂತ್ರದ ಸಿಹಿ ನೋಡಿ ಮಧುಮೇಹ ಅಂದರು. ಅವರು ಬಾಯಾರಿಕೆ ನೋಡಿ ಹೆಸರಿಟ್ಟರು. ಇದನ್ನು ಮಧುಮೇಹ ಅಂತ ಬರೆದುಬಿಟ್ಟರೆ ಆ ನೋಟವೇ ಅಳಿಸಿಹೋಗುತ್ತದೆ. ‘ಕರಗುಬಾಯಾರಿಕೆ’ ಅಂತ ಒಂದು ಸಲ ಬರೆದು, ಪಕ್ಕದಲ್ಲಿ ವಿವರಿಸುವುದು ಮೇಲು ಅನ್ನಿಸುತ್ತದೆ.

ತಪಾಸಣೆಯ ನಾಲ್ಕು ದಾರಿಯಲ್ಲಿ ನನಗೆ ಬೆರಗು ಹುಟ್ಟಿಸಿದ ಸಂಗತಿ ಇದೆ. ನೋಡುವುದು, ವೆನ್, ವೆನ್, ಮುಟ್ಟುವುದು. ನಡುವಿನ ಎರಡಕ್ಕೂ ಉಚ್ಚಾರ ಒಂದೇ, ಸ್ವರದ ಏರಿಳಿತ ಮಾತ್ರ ಬೇರೆ. ಮೊದಲ ವೆನ್ ಎಂದರೆ ಕಿವಿಯಿಂದ ಕೇಳುವುದು, ಅದರಲ್ಲೇ ಮೂಗಿನಿಂದ ಮೂಸುವುದೂ ಸೇರಿದೆ. ಎರಡನೆಯದು ರೋಗಿಯನ್ನು ಪ್ರಶ್ನೆ ಕೇಳುವುದು. ಕನ್ನಡದಲ್ಲಿ ಎರಡಕ್ಕೂ ‘ಕೇಳು’ ಒಂದೇ ಮಾತು! ಚೀನೀ ಭಾಷೆಯಲ್ಲಿ ದನಿಯಲ್ಲಿ ಹತ್ತಿರ ಬಂದದ್ದು ನಮ್ಮಲ್ಲಿ ಪದದಲ್ಲೇ ಒಂದಾಗಿದೆ. ಚೆಂದ ಹೌದು, ಆದರೆ ಓದುವವರಿಗೆ ಗೊಂದಲ. ‘ನೋಡು, ಆಲಿಸು, ವಿಚಾರಿಸು, ಮುಟ್ಟು’ ಅಂತ ಮಾಡಿದೆ. ಮೂಸುವುದು ಹೊರಗೆ ಉಳಿಯಿತು. ಕೇಳುವುದನ್ನೂ ಮೂಸುವುದನ್ನೂ ಒಟ್ಟಿಗೆ ಹೇಳುವ ಮಾತು ನಿಮ್ಮ ಕಡೆ ಇದೆಯಾ?

ನಾಡಿಯ ಹೆಸರುಗಳಲ್ಲಿ ತೊಂದರೆಯೇ ಇಲ್ಲ. ತೇಲುವ ನಾಡಿ, ಮುಳುಗಿದ ನಾಡಿ, ತಂತಿ ಬಿಗಿದಂಥ ನಾಡಿ. ತಟ್ಟೆಯ ಮೇಲೆ ಮುತ್ತು ಉರುಳಿದ ಹಾಗೆ ಜಾರುವ ನಾಡಿ. ನಮ್ಮವರು ಹಾವು, ಕಪ್ಪೆ, ಹಂಸದ ನಡಿಗೆ ಅಂದ ಹಾಗೆಯೇ ಇವು ಕನ್ನಡದಲ್ಲಿ ತಾವಾಗಿ ನಿಲ್ಲುತ್ತವೆ.

ಇಷ್ಟೆಲ್ಲ ಕೂದಲು ಸೀಳಬೇಕಾ ಅಂತ ಕೇಳಬಹುದು. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ನಡೆದದ್ದನ್ನು ನೆನೆಯಿರಿ. ತೆಳ್ಳಗಾಗಲು ಅಂತ ಒಂದು ಚಿಕಿತ್ಸಾಲಯದಲ್ಲಿ ಕೊಟ್ಟ ಮಾತ್ರೆಗಳಲ್ಲಿ ‘ಫಾಂಗ್‌ಜಿ’ ಎಂಬ ಬೇರು ಇರಬೇಕಿತ್ತು. ಅದರ ಜಾಗಕ್ಕೆ ‘ಗ್ವಾಂಗ್ ಫಾಂಗ್‌ಜಿ’ ಸೇರಿತು. ಹೆಸರು ಹತ್ತಿರ, ಗಿಡ ಬೇರೆ. ಎರಡನೆಯದರಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ನೂರಕ್ಕೂ ಜಾಸ್ತಿ ಜನರ ಮೂತ್ರಪಿಂಡ ಹಾಳಾಯಿತು, ಹಲವರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರ್ ಬಂತು. ನಮ್ಮ ಈಶ್ವರಿ ಬಳ್ಳಿಯೂ ಅದೇ ಕುಲದ್ದು. ಹಾಗಾಗಿ ಗಿಡದ ಹೆಸರನ್ನು ಮಾತ್ರ ಯಾರೂ ಕನ್ನಡಕ್ಕೆ ಅಂದಾಜಿನಲ್ಲಿ ತರಬೇಡಿ. ಸಸ್ಯಶಾಸ್ತ್ರದ ಹೆಸರನ್ನೂ ಜೊತೆಗಿಡಿ.

ಮರುದಿನ ಅಮ್ಮನಿಗೆ ನಾನು ಹೀಗೆ ಹೇಳಿದೆ: ‘ಗುಲ್ಮ ಚೆನ್ನಾಗಿದೆ. ಅರಗಿಸೋ ಕಸುವು ಕಮ್ಮಿಯಾಗಿದೆ ಅಂತಿದ್ದಾರೆ ಅವರು, ಅಷ್ಟೆ. ಆಸ್ಪತ್ರೆಯ ಡಾಕ್ಟರನ್ನೂ ಅವಳು ಬಿಟ್ಟಿಲ್ಲ.’ ಅಮ್ಮ ಕೂಡಲೇ, ‘ಮೈ ಹದ ತಪ್ಪಿದೆ ಅನ್ನು ಮತ್ತೆ’ ಅಂದರು. ಹದ ಎಂಬ ಮಾತು ನನಗೆ ಸಿಕ್ಕಿದ್ದು ಅಲ್ಲಿಂದ.

ಉತ್ತರ ಕರ್ನಾಟಕ, ಕರಾವಳಿ, ಹಳೇ ಮೈಸೂರಿನ ಕಡೆಯವರು ಹೇಳಿ: ನಿಮ್ಮ ಮನೆಯ ಹಿರಿಯರು ಮೈಗೆ ‘ಹದ’ ಎಂಬ ಮಾತು ಬಳಸುತ್ತಾರಾ? ಹೆಸರಿಲ್ಲದ ಹಳೇ ಕಾಯಿಲೆಯ ಬಗ್ಗೆ ಮಾತಾಡುವಾಗ ಬೇರೆ ಯಾವ ಮಾತು ಬರುತ್ತದೆ?